ದೇವರ ಸ್ವರಕ್ಕೆ ಹೃದಯ ತೆರೆಯುವುದು ಹೇಗೆ? ದಿನನಿತ್ಯ ನಡೆಸಬಹುದಾದ ಒಂದು ಕ್ರಮ

"ದಿನಾ ಪ್ರಾರ್ಥನೆ ಮಾಡ್ತೀನಿ, ಸತ್ಯವೇದ ಓದ್ತೀನಿ. ಆದರೆ ದೇವರು ನನ್ನ ಹತ್ತಿರ ಮಾತಾಡಿದ್ರು ಅಂತ ಒಂದು ಸಲವೂ ಅನ್ನಿಸಿಲ್ಲ." ಮನೆ ಪ್ರಾರ್ಥನಾ ಕೂಟ ಮುಗಿದ ಮೇಲೆ, ಭಾನುವಾರದ ಆರಾಧನೆಯ ನಂತರ ಚರ್ಚ್ ಅಂಗಳದಲ್ಲಿ ತಗ್ಗಿದ ದನಿಯಲ್ಲಿ ಈ ಮಾತು ಹೇಳುವವರು ಬಹಳ ಮಂದಿ. ಪಕ್ಕದವರು "ಕರ್ತನು ನನಗೆ ಹೀಗೆ ಹೇಳಿದನು" ಎಂದು ಸಾಕ್ಷಿ ಕೊಡುತ್ತಿರುವಾಗ ತನಗೆ ಏನೂ ಕೇಳಿಸಿಲ್ಲ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಮುಖ್ಯವಾಗಿ ಅಂಥವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ದೇವರ ಸ್ವರ ಕೇಳಲು ವಿಶೇಷ ವರ ಬೇಕು, ದರ್ಶನ ಕಾಣುವವರಿಗಷ್ಟೇ ಅದು ಸಾಧ್ಯ ಎಂಬ ಭಾವನೆಯನ್ನು ಮೊದಲು ಬಿಡಬೇಕು. "ನನ್ನ ಕುರಿಗಳು ನನ್ನ ಸ್ವರಕ್ಕೆ ಕಿವಿಗೊಡುತ್ತವೆ" ಎಂದು ಯೇಸು ಸ್ವಾಮಿ ಹೇಳಿದ್ದು (ಯೋಹಾನ 10:27) ತನ್ನವರೆಲ್ಲರ ಬಗ್ಗೆ. ನಮ್ಮಲ್ಲಿ ಹೆಚ್ಚಿನವರ ತೊಡಕು ಕಿವಿಯಲ್ಲಿಲ್ಲ. ಅರ್ಜಿಯ ಜೊತೆಗೆ ಆದೇಶವನ್ನೂ ನಾವೇ ಬರೆದುಕೊಂಡು ಹೋಗಿ ದೇವರ ಸಹಿಯನ್ನಷ್ಟೇ ಕೇಳುತ್ತೇವೆ. ದೇವರ ಚಿತ್ತದಂತೆ ನಡೆಯಲು ಮನಸ್ಸುಳ್ಳವನಿಗೆ ಈ ಬೋಧನೆ ದೇವರಿಂದ ಬಂದದ್ದೋ ಅಲ್ಲವೋ ಎಂಬುದು ತಿಳಿಯುತ್ತದೆ ಎಂದು ಯೋಹಾನ 7:17 ಹೇಳುತ್ತದೆ. ಅಲ್ಲಿ ಮನಸ್ಸು ಮೊದಲು, ತಿಳಿವಳಿಕೆ ಆಮೇಲೆ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ವಿಷಯದ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಬೇಡದ ಮಾತನ್ನೂ ಕೇಳಲು ಒಪ್ಪಿಕೊಳ್ಳಿ

ಭಾನುವಾರ ಶಾಲೆಯಲ್ಲಿ ಬಾಲಕ ಸಮುವೇಲನ ಕಥೆ ಕಲಿಯದವರಿಲ್ಲ. ಶಿಲೋವಿನಲ್ಲಿ ರಾತ್ರಿ ದೇವರು ಅವನನ್ನು ಕರೆಯುತ್ತಾರೆ. ಮೂರು ಸಲವೂ ಅವನು ಯಾಜಕ ಏಲಿಯೇ ಕರೆದನೆಂದು ಎದ್ದು ಅವನ ಬಳಿಗೆ ಓಡುತ್ತಾನೆ. ನಾಲ್ಕನೆಯ ಸಲ ಏಲಿ ಹೇಳಿಕೊಟ್ಟಂತೆ "ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ" ಎನ್ನುತ್ತಾನೆ. ಮಕ್ಕಳಿಗೆ ಹೇಳುವಾಗ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. 1 ಸಮುವೇಲ 3ನೇ ಅಧ್ಯಾಯವನ್ನು ಕೊನೆಯವರೆಗೆ ಓದಿ. ಆ ರಾತ್ರಿ ಅವನಿಗೆ ಕೇಳಿಸಿದ್ದು ಏಲಿಯ ಮನೆತನಕ್ಕೆ ಬರಲಿದ್ದ ನ್ಯಾಯತೀರ್ಪು. ತನ್ನನ್ನು ಸಾಕಿದ ಮುದುಕನ ಬಗ್ಗೆಯೇ ಅಂಥ ಮಾತು. ಹುಡುಗ ಬೆಳಗಿನವರೆಗೆ ಮಲಗಿದ್ದು, ಎದ್ದು ಆಲಯದ ಬಾಗಿಲು ತೆರೆದ. ಆದರೆ ವಿಷಯ ಹೇಳಲು ಹೆದರಿದ.

ಆದ್ದರಿಂದ ಪ್ರಾರ್ಥನೆಗೆ ಕೂರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: "ಇವತ್ತು ದೇವರು ಯಾವ ವಿಷಯ ಎತ್ತಬಾರದು ಎಂದು ನಾನು ಬಯಸುತ್ತಿದ್ದೇನೆ?" ತಮ್ಮನೊಂದಿಗಿನ ಆಸ್ತಿ ಜಗಳ ಇರಬಹುದು. ವರ್ಷದಿಂದ ಮಾತು ಬಿಟ್ಟಿರುವ ಅತ್ತಿಗೆ ಇರಬಹುದು. ಬಿಡಲಾಗದ ಕುಡಿತ, ಮೊಬೈಲಿನಲ್ಲಿ ಗುಟ್ಟಾಗಿ ನೋಡುವ ಸಂಗತಿ, ಕೆಲಸದವರಿಗೆ ಕೊಡದೆ ಉಳಿಸಿಕೊಂಡ ಸಂಬಳ, ಯಾವುದೇ ಇರಲಿ, ಅದನ್ನು ಹೆಸರಿಟ್ಟು ದೇವರ ಮುಂದೆ ಹೇಳಿ. ಅದನ್ನು ಅಂದೇ ಬಗೆಹರಿಸಬೇಕಾಗಿಲ್ಲ. "ಈ ಬಾಗಿಲು ಮುಚ್ಚಿಟ್ಟಿದ್ದೇನೆ, ತೆರೆಯಲು ಸಹಾಯ ಮಾಡಿ" ಎಂದರೂ ಸಾಕು. "ಈ ದಿನ ನೀವು ಆತನ ಸ್ವರವನ್ನು ಕೇಳಿದರೆ ಹೃದಯವನ್ನು ಕಠಿಣಮಾಡಿಕೊಳ್ಳಬೇಡಿರಿ" ಎಂಬ 95ನೇ ಕೀರ್ತನೆಯ ಎಚ್ಚರಿಕೆಯನ್ನು ಇಬ್ರಿಯರಿಗೆ ಬರೆದ ಪತ್ರಿಕೆ ಮತ್ತೆ ಮತ್ತೆ ಎತ್ತಿ ಹೇಳುತ್ತದೆ. ಅದನ್ನು ಬರೆದದ್ದು ನಂಬಿದವರಿಗೇ.

ಎರಡನೆಯದು: ದೇಹಕ್ಕೂ ವಿಶ್ರಾಂತಿ ಬೇಕು

ಹೋರೇಬ್ ಬೆಟ್ಟದಲ್ಲಿ ಎಲೀಯನಿಗೆ ಆದ ಅನುಭವ ಎಲ್ಲರಿಗೂ ಗೊತ್ತು: ಬಿರುಗಾಳಿಯಲ್ಲಿ ದೇವರಿರಲಿಲ್ಲ, ಭೂಕಂಪದಲ್ಲಿ ಇರಲಿಲ್ಲ, ಬೆಂಕಿಯಲ್ಲೂ ಇರಲಿಲ್ಲ. ಆಮೇಲೆ ತೀರ ಮೆಲುವಾದ ದನಿಯೊಂದು ಕೇಳಿಸಿತು. ಆದರೆ ಅದೇ ಅಧ್ಯಾಯದಲ್ಲಿ (1 ಅರಸುಗಳು 19) ಅದಕ್ಕೂ ಮುಂಚೆ ಏನಾಯಿತು? ಜೀವಭಯದಿಂದ ಓಡಿಬಂದ ಪ್ರವಾದಿ "ಸಾಕಾಯಿತು, ನನ್ನ ಪ್ರಾಣ ತೆಗೆದುಕೋ" ಎಂದು ಗಿಡದ ಕೆಳಗೆ ಮಲಗಿಬಿಟ್ಟಿದ್ದ. ದೇವರು ಆಗ ಉಪದೇಶ ಮಾಡಲಿಲ್ಲ. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು ಕಳಿಸಿದರು. ತಿಂದು ಮಲಗಿದ, ಎದ್ದು ಮತ್ತೆ ತಿಂದ. ಮೆಲುದನಿ ಕೇಳಿಸಿದ್ದು ಅದೆಲ್ಲ ಆದ ಮೇಲೆ.

ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡಿ, ಬೆಳಿಗ್ಗೆ ಅರೆನಿದ್ರೆಯಲ್ಲಿ ಕೂತು "ದೇವರು ಮಾತಾಡುತ್ತಿಲ್ಲ" ಎಂದರೆ ಹೇಗೆ? ಮೊದಲು ನಿದ್ದೆ ಮಾಡಿ. ಫೋನನ್ನು ಬೇರೆ ಕೋಣೆಯಲ್ಲಿಡಿ. ಬೈಬಲ್ ಆ್ಯಪ್ ಅದರಲ್ಲೇ ಇದ್ದರೂ ಈ ಹೊತ್ತಿಗೆ ಪುಸ್ತಕವನ್ನೇ ಹಿಡಿಯಿರಿ, ಓದುವ ಮಧ್ಯೆ ವಾಟ್ಸಾಪ್ ಸಂದೇಶ ಇಣುಕುವುದು ಬೇಡ. ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಅದೇ ಹೊತ್ತು, ಅದೇ ಜಾಗ ಇರಲಿ. ಎರಡು ಕೋಣೆಯ ಮನೆಯಲ್ಲಿ ಐದು ಜನ ಇರುವವರಿಗೆ ಮೂಲೆಯೂ ಸಿಗದು ಎಂದು ಬಲ್ಲೆ. ಅಂಥವರು ಎಲ್ಲರಿಗಿಂತ ಮುಂಚೆ ಎದ್ದು ಅಡುಗೆಮನೆಯಲ್ಲಿ ಕೂರಬಹುದು, ಟೆರೇಸಿಗೆ ಹೋಗಬಹುದು, ಕೆಲಸಕ್ಕೆ ಹೋಗುವ ದಾರಿಯಲ್ಲಿ ತೆರೆದಿರುವ ಚರ್ಚ್‌ಗೆ ಹೊಕ್ಕು ಹಿಂದಿನ ಬೆಂಚಿನಲ್ಲಿ ಕೂರಬಹುದು.

ಮೂರನೆಯದು: ಕಡಿಮೆ ಓದಿ, ನಿಧಾನವಾಗಿ ಓದಿ

ದೇವರ ಸ್ವರ ಹೆಚ್ಚು ಜನರಿಗೆ ಹೆಚ್ಚು ಸಲ ತಲುಪುವುದು ಗ್ರಂಥದ ಮೂಲಕ. ಇದು ನನ್ನ ದೃಢವಾದ ನಂಬಿಕೆ. ಕನಸು, ದರ್ಶನ, ಸೂಚನೆಗಳನ್ನು ದೇವರು ಬಳಸಬಲ್ಲರು, ಬಳಸಿದ್ದಾರೆ. ಆದರೆ ತೆರೆದ ಸತ್ಯವೇದವನ್ನು ಪಕ್ಕಕ್ಕಿಟ್ಟು ಸೂಚನೆಗಾಗಿ ಕಾಯುವುದು ಮನೆಗೆ ಬಂದ ಪತ್ರವನ್ನು ಒಡೆಯದೆ ಅಂಚೆಯಣ್ಣನಿಗೆ ಕಾದಂತೆ.

ಸನ್ಯಾಸಿ ಮಠಗಳಲ್ಲಿ ಬೆಳೆದುಬಂದ ಒಂದು ಓದುವ ಕ್ರಮವಿದೆ, ಲೆಕ್ಸಿಯೊ ದಿವಿನಾ ಎಂದು ಅದನ್ನು ಕರೆಯುತ್ತಾರೆ. 12ನೇ ಶತಮಾನದಲ್ಲಿ ಫ್ರಾನ್ಸ್‌ನ ಕಾರ್ಥೂಸಿಯನ್ ಮಠದ ಎರಡನೇ ಗೀಗೋ ಎಂಬ ಮಠಾಧಿಪತಿ ಅದನ್ನು ಏಣಿಯ ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದರು: ಓದು, ಧ್ಯಾನ, ಪ್ರಾರ್ಥನೆ, ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು. ಇದು ಕಥೋಲಿಕರದಲ್ಲವೇ ಎಂದು ಪ್ರೊಟೆಸ್ಟಂಟ್ ಓದುಗರು ಹಿಂಜರಿಯಬೇಕಿಲ್ಲ. ಇಲ್ಲಿ ನಡೆಯುವುದು ವಾಕ್ಯ ಓದುವುದು, ಅದನ್ನು ಮನಸ್ಸಿನಲ್ಲಿ ಮೆಲುಕುಹಾಕುವುದು, ಅದಕ್ಕೆ ಉತ್ತರ ಕೊಡುವುದು. "ಹಗಲಿರುಳು ಅದನ್ನೇ ಧ್ಯಾನಿಸುವವನು ಧನ್ಯನು" ಎನ್ನುವ ಒಂದನೇ ಕೀರ್ತನೆ ಹೇಳುವುದೂ ಅದನ್ನೇ.

ಒಂದು ಭಾಗ ತೆಗೆದುಕೊಂಡು ನೋಡೋಣ. ಮಾರ್ಕನ ಸುವಾರ್ತೆ 10:46ರಿಂದ 52, ಕುರುಡ ಬಾರ್ತಿಮಾಯನ ಪ್ರಸಂಗ. ಏಳೇ ವಚನ.

ಮೊದಲ ಸಲ ತುಟಿ ಅಲುಗುವಂತೆ, ಕಿವಿಗೆ ಕೇಳುವಂತೆ ಓದಿ. ಯೆರಿಕೋ ಊರ ಹೊರಗಿನ ದಾರಿ. ಬದಿಯಲ್ಲಿ ಕೂತ ಭಿಕ್ಷುಕ. ಜನಜಂಗುಳಿ. "ದಾವೀದನ ಕುಮಾರನೇ, ಯೇಸುವೇ, ನನ್ನನ್ನು ಕರುಣಿಸು" ಎಂಬ ಕೂಗು. ಎರಡನೆಯ ಸಲ ಓದುವಾಗ ಎಲ್ಲಿ ಮನಸ್ಸು ತಡೆಯುತ್ತದೆ ಎಂದು ಗಮನಿಸಿ. ಒಬ್ಬರಿಗೆ "ಸುಮ್ಮನಿರು ಎಂದು ಅನೇಕರು ಗದರಿಸಿದರು" ಎಂಬಲ್ಲಿ ತಡೆಯಬಹುದು, ಏಕೆಂದರೆ ಮನೆಯಲ್ಲಿ ಅವರಿಗೂ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಇನ್ನೊಬ್ಬರಿಗೆ ಅವನು ಮೇಲುಹೊದಿಕೆಯನ್ನು ಎಸೆದು ಎದ್ದು ಬಂದನೆಂಬ ಮಾತು ಹಿಡಿಯಬಹುದು. ಬೀದಿಯಲ್ಲಿ ಬದುಕುವ ಭಿಕ್ಷುಕನಿಗೆ ಆ ಹೊದಿಕೆಯೇ ರಾತ್ರಿಯ ಆಸರೆ. ಅದನ್ನು ಎಸೆದದ್ದು ಕಣ್ಣು ಬಂದ ಮೇಲಲ್ಲ, ಕರೆ ಕೇಳಿದ ಕೂಡಲೇ. ನಿಮ್ಮನ್ನು ತಡೆದು ನಿಲ್ಲಿಸಿದ ಮಾತು ಯಾವುದೋ ಅಲ್ಲೇ ನಿಲ್ಲಿ. ಮುಂದೆ ಓಡಬೇಡಿ.

ಮೂರನೆಯ ಸಲ ಓದುವಾಗ ಆ ಮಾತು ನನಗೇಕೆ ತಾಗಿತು ಎಂದು ಕೇಳಿಕೊಳ್ಳಿ. ಯೇಸು ಕೇಳುತ್ತಾರೆ: "ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ?" ಕುರುಡನಿಗೆ ಬೇಕಾದದ್ದೇನೆಂದು ಅವರಿಗೆ ಕಾಣಿಸುತ್ತಿರಲಿಲ್ಲವೇ? ಆದರೂ ಕೇಳಿದರು, ಅವನ ಬಾಯಿಂದಲೇ ಬರಲೆಂದು. ಪುಟ ತಿರುಗಿಸಿ ಸ್ವಲ್ಪ ಹಿಂದೆ 36ನೇ ವಚನ ನೋಡಿದರೆ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಯಾಕೋಬ ಯೋಹಾನರಿಗೂ ಕೇಳಿದ್ದಾರೆ. ಶಿಷ್ಯರಿಬ್ಬರು ಕೇಳಿದ್ದು ಬಲಗಡೆ ಎಡಗಡೆಯ ಆಸನ. ಭಿಕ್ಷುಕ ಕೇಳಿದ್ದು ಕಣ್ಣು. ಈಗ ಆ ಪ್ರಶ್ನೆ ನಿಮ್ಮ ಮುಂದಿದೆ. ನಿಜವಾಗಿ ನಿಮಗೇನು ಬೇಕು? ಎಷ್ಟೋ ವರ್ಷ ಪ್ರಾರ್ಥನೆ ಮಾಡಿದವರೂ ಇಲ್ಲಿ ತಡವರಿಸುತ್ತಾರೆ. ಆ ತಡವರಿಕೆಯಲ್ಲೇ ದೇವರ ಮಾತು ಶುರುವಾಗಿರುತ್ತದೆ ಎಂದು ನನಗನ್ನಿಸುತ್ತದೆ.

ದಿನಕ್ಕೆ ಮೂರು ನಾಲ್ಕು ಅಧ್ಯಾಯದಂತೆ ವರ್ಷದಲ್ಲಿ ಬೈಬಲ್ ಮುಗಿಸುವ ಯೋಜನೆ ಒಳ್ಳೆಯದೇ, ಗ್ರಂಥದ ಪರಿಚಯಕ್ಕೆ ಅದು ಬೇಕು. ಆದರೆ ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಇಲ್ಲಿ ಒಂದೇ ಭಾಗವನ್ನು ಮೂರು ದಿನ ಓದಿದರೂ ತಪ್ಪಿಲ್ಲ. ಹಳೆಯ ಕನ್ನಡ ಅನುವಾದ ಕಷ್ಟವೆನಿಸಿದರೆ ಸರಳ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮನೆಮಾತು ಕೊಂಕಣಿಯೋ ತುಳುವೋ ತಮಿಳೋ ಆಗಿದ್ದರೆ, ನೀವು ಅಳುವ, ನಗುವ ಭಾಷೆಯಲ್ಲೇ ಪ್ರಾರ್ಥಿಸಿ.

ನಾಲ್ಕನೆಯದು: ಉತ್ತರ ಕೊಟ್ಟು ಸುಮ್ಮನಿರಿ

ಓದಿದ ಮಾತಿಗೆ ನಿಮ್ಮ ಮಾತಲ್ಲೇ ಉತ್ತರ ಕೊಡಿ. ಸಿಟ್ಟಿದ್ದರೆ ಸಿಟ್ಟನ್ನೇ ಹೇಳಿ. "ಯೆಹೋವನೇ, ಇನ್ನೆಷ್ಟರವರೆಗೆ?" ಎಂದು ಕೀರ್ತನೆಗಾರನೇ ಕೇಳಿದ್ದಾನೆ. ಆಮೇಲೆ ಐದು ನಿಮಿಷ ಬಾಯಿ ಮುಚ್ಚಿ ಕೂತಿರಿ. ಗ್ಯಾಸ್ ಬುಕ್ ಮಾಡಬೇಕು, ಮಗುವಿನ ಫೀಸು ಕಟ್ಟಬೇಕು ಎಂಬ ನೆನಪುಗಳು ಬಂದೇ ಬರುತ್ತವೆ. ಅವುಗಳೊಂದಿಗೆ ಗುದ್ದಾಡಬೇಡಿ. ಒಂದು ಚೀಟಿಯಲ್ಲಿ ಗೀಚಿಟ್ಟು ಓದಿದ ವಚನಕ್ಕೆ ಮರಳಿ. ಒಂದೇ ಹೆಸರು ಪದೇಪದೇ ನೆನಪಾಗುತ್ತಿದ್ದರೆ ಮಾತ್ರ ಅದನ್ನು ತಳ್ಳಬೇಡಿ, ಆ ವ್ಯಕ್ತಿಗಾಗಿ ಪ್ರಾರ್ಥಿಸಿ.

ಐದನೆಯದು: ಮಲಗುವ ಮುನ್ನ ದಿನವನ್ನು ತಿರುಗಿ ನೋಡಿ

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಇಗ್ನೇಷಿಯಸ್ ಲೊಯೋಲಾ ಎಂಬ ಯೋಧನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಊರಿಗೆ ತಂದು ಮಲಗಿಸಿದರು. ಹೊತ್ತು ಕಳೆಯಲು ವೀರರ ಕಥೆಗಳ ಪುಸ್ತಕ ಕೊಡಿ ಎಂದು ಕೇಳಿದ. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆಗಳು ಮಾತ್ರ. ಮಲಗಿದ್ದಲ್ಲೇ ಅವನು ಒಂದು ವ್ಯತ್ಯಾಸ ಗಮನಿಸಿದ: ಯುದ್ಧದ ಕೀರ್ತಿ, ರಾಜಮನೆತನದ ಹೆಣ್ಣಿನ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಬರೀ ಒಣಗಿದ ಮನಸ್ಸು. ಸಂತರಂತೆ ಬದುಕುವ ಯೋಚನೆಯಾದರೆ ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಯೋಚನೆ ಬಂದಾಗಿನ ರುಚಿಗಿಂತ ಅದು ಬಿಟ್ಟುಹೋಗುವ ರುಚಿ ನೋಡಬೇಕೆಂಬ ಈ ಅರಿವಿನಿಂದ ಮುಂದೆ ಯೇಸು ಸಭೆ (ಜೆಸ್ವಿಟ್) ಎಂಬ ಸನ್ಯಾಸಿ ಸಂಘವನ್ನು ಕಟ್ಟಿದ ಇಗ್ನೇಷಿಯಸ್‌ರ ಇಡೀ ಬೋಧನೆ ಬೆಳೆಯಿತು.

ಅವರು ಕಲಿಸಿದ ದಿನದ ಪರಿಶೀಲನೆಯನ್ನು ಹತ್ತು ನಿಮಿಷದಲ್ಲಿ ಮಾಡಬಹುದು. ದಿನದಲ್ಲಿ ಸಿಕ್ಕಿದ್ದಕ್ಕೆ ವಂದಿಸಿ, ಬೆಳಕು ಕೊಡಿ ಎಂದು ಪವಿತ್ರಾತ್ಮನನ್ನು ಕೇಳಿ, ಬೆಳಗಿನಿಂದ ರಾತ್ರಿಯವರೆಗೆ ನಡೆದದ್ದನ್ನು ನೆನೆಯಿರಿ. ತಪ್ಪಿದ್ದಕ್ಕೆ ಕ್ಷಮೆ ಬೇಡಿ, ನಾಳೆಗೆ ಬೇಕಾದ ಬಲವನ್ನು ಕೇಳಿ. ವಂದನೆಯನ್ನು ಮಾತ್ರ ಹಾರಿಸಬೇಡಿ. ತಪ್ಪಿನಿಂದಲೇ ಆರಂಭಿಸುವವರು ಬೇಗ ಸೋತು ಬಿಟ್ಟುಬಿಡುತ್ತಾರೆ.

ಸಣ್ಣ ಸಂಗತಿಗಳನ್ನೇ ನೋಡಿ. ಬೆಳಿಗ್ಗೆ ಬಸ್ಸಿನಲ್ಲಿ ಚಿಲ್ಲರೆಗೆ ಕಂಡಕ್ಟರ್ ರೇಗಿದ, ನೀವೂ ರೇಗಿದಿರಿ, ಅವನ ಕೆಂಪು ಕಣ್ಣು ನೋಡಿ ರಾತ್ರಿಪಾಳಿ ಮಾಡಿ ಬಂದಿರಬೇಕು ಎಂಬ ಯೋಚನೆ ಒಂದು ಕ್ಷಣ ಹೊಳೆದು ಹೋಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡಬೇಕೆನಿಸಿತು, ಮಾಡಲಿಲ್ಲ. ಆ ಹೊಳಹನ್ನು, ಆ ಅನಿಸಿಕೆಯನ್ನು ಕಳಿಸಿದವರು ಯಾರು? ದಿನವಿಡೀ ದೇವರು ಮಾತಾಡಲಿಲ್ಲ ಎಂದುಕೊಂಡವರು ರಾತ್ರಿ ಹೀಗೆ ಕೂತರೆ ಅವರ ಅಭಿಪ್ರಾಯ ಬದಲಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆದಿಡಿ. ಕೆಲವು ವಾರಗಳ ಬಳಿಕ ಹಿಂದಿನ ಪುಟಗಳನ್ನು ತಿರುವಿದಾಗ ಒಂದೇ ವಿಷಯ ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ.

ಆರನೆಯದು: ಕೇಳಿಸಿದ್ದನ್ನು ಪರೀಕ್ಷಿಸಿ

ಮನಸ್ಸಿಗೆ ಬಂದದ್ದೆಲ್ಲ ದೇವರ ಸ್ವರವಲ್ಲ. ನಮ್ಮ ಆಸೆಗೂ ದನಿ ಇದೆ, ಭಯಕ್ಕೂ ಇದೆ, ಮೋಸಗೊಳಿಸುವವನಿಗೂ ಇದೆ. "ಎಲ್ಲಾ ಆತ್ಮಗಳನ್ನು ನಂಬದೆ ಪರೀಕ್ಷಿಸಿರಿ" ಎಂದು 1 ಯೋಹಾನ 4:1 ಹೇಳುತ್ತದೆ. ಪರೀಕ್ಷಿಸುವುದು ಅಪನಂಬಿಕೆ ಎಂದು ಯಾರಾದರೂ ಹೆದರಿಸಿದರೆ ಈ ವಚನ ತೋರಿಸಿ.

ಒರೆಗೆ ಹಚ್ಚಲು ಯಾಕೋಬ 3:17 ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿದೆ: ಮೇಲಿನಿಂದ ಬರುವ ಜ್ಞಾನ ಪರಿಶುದ್ಧವಾದದ್ದು, ಸಮಾಧಾನ ತರುವಂಥದ್ದು, ಸೌಮ್ಯವಾದದ್ದು, ಕರುಣೆಯಿಂದ ತುಂಬಿದ್ದು, ಪಕ್ಷಪಾತವಿಲ್ಲದ್ದು. ನಿಮಗೆ ಬಂದ ಪ್ರೇರಣೆ ಕ್ರಿಸ್ತನ ಬೋಧನೆಗೆ ವಿರುದ್ಧವಾಗಿದ್ದರೆ ಅಲ್ಲಿಗೆ ಮುಗಿಯಿತು, ಹೆಂಡತಿಯನ್ನು ಬಿಡು, ಅವನಿಗೆ ಬುದ್ಧಿ ಕಲಿಸು ಎಂದು ದೇವರು ಹೇಳಿದರು ಅನ್ನುವುದಕ್ಕೆ ಜಾಗವೇ ಇಲ್ಲ. ವಿರುದ್ಧವಿಲ್ಲದಿದ್ದರೆ ಕಾಯಿರಿ. ದೇವರ ಪ್ರೇರಣೆ ಕಾಯುವುದರಿಂದ ಸಾಯುವುದಿಲ್ಲ. "ಈಗಲೇ, ಇವತ್ತೇ, ಯಾರಿಗೂ ಹೇಳದೆ" ಎಂದು ಅಟ್ಟುವ ದನಿಯನ್ನು ಅನುಮಾನಿಸಿ. ಮನಸ್ಸು ಕತ್ತಲಲ್ಲಿ ಇರುವಾಗ ಹಿಂದೆ ಬೆಳಕಿನಲ್ಲಿ ಮಾಡಿದ ನಿರ್ಧಾರ ಬದಲಿಸಬೇಡಿ ಎಂಬ ಇಗ್ನೇಷಿಯಸ್‌ರ ನಿಯಮವನ್ನು ಕೆಲಸ ಬಿಡುವ, ಮದುವೆ ಮುರಿಯುವ, ಸಭೆ ತೊರೆಯುವ ಯೋಚನೆಯಲ್ಲಿರುವವರು ಗೋಡೆಗೆ ಅಂಟಿಸಿಕೊಳ್ಳಬೇಕು.

ಮದರ್ ತೆರೇಸಾ ಆಗ ಕಲ್ಕತ್ತಾದಲ್ಲಿ ಲೊರೆಟೊ ಸನ್ಯಾಸಿನಿಯಾಗಿ ಶಾಲೆಯಲ್ಲಿ ಕಲಿಸುತ್ತಿದ್ದರು. 1946ರ ಸೆಪ್ಟೆಂಬರ್ 10ರಂದು ಧ್ಯಾನಕೂಟಕ್ಕಾಗಿ ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ, ಕಡುಬಡವರ ನಡುವೆ ಬದುಕಬೇಕೆಂಬ ಕರೆ ಅವರಿಗೆ ಬಂತು. ಮರುದಿನವೇ ಬೀದಿಗಿಳಿದರೇ? ಇಲ್ಲ. ತಮ್ಮ ಆತ್ಮಿಕ ಮಾರ್ಗದರ್ಶಕರ ಮುಂದೆ ಇಟ್ಟರು, ಆರ್ಚ್‌ಬಿಷಪ್ ಪೆರಿಯೆ ಅವಸರಪಡಲಿಲ್ಲ, ಪ್ರಶ್ನೆ ಕೇಳಿದರು, ಕಾಯಿಸಿದರು. ರೋಮ್‌ನಿಂದ ಅನುಮತಿ ಬಂದು ಅವರು ಕಾನ್ವೆಂಟಿನಿಂದ ಹೊರಬಂದದ್ದು 1948ರ ಆಗಸ್ಟ್‌ನಲ್ಲಿ. ಅಂಥ ಸ್ಪಷ್ಟ ಕರೆಗೇ ಇಷ್ಟು ಕಾಲದ ಪರೀಕ್ಷೆ ಇತ್ತು.

ನಿಮಗೂ ಒಬ್ಬ ಏಲಿ ಬೇಕು. ನಿಮ್ಮ ಗುರುಗಳು, ಸಭಾಪಾಲಕರು, ಕಾನ್ವೆಂಟಿನ ಸಿಸ್ಟರ್, ಸಭೆಯ ಹಿರಿಯಮ್ಮ ಯಾರಾದರೂ ಆಗಬಹುದು. ನಿಮ್ಮನ್ನು ಹೊಗಳುವವರನ್ನು ಆರಿಸಬೇಡಿ. ಏಲಿ ತನ್ನ ಮನೆಯನ್ನೇ ಸರಿಯಾಗಿ ನೋಡಿಕೊಳ್ಳದವನು, ಆದರೂ ಹುಡುಗನಿಗೆ ದಾರಿ ತೋರಿಸಿದ, ತನಗೆ ವಿರುದ್ಧವಾದ ಮಾತನ್ನು ಕೇಳಿ "ಆತನು ಯೆಹೋವನು, ತನಗೆ ಸರಿಕಂಡದ್ದನ್ನು ಮಾಡಲಿ" ಎಂದ. ಅಷ್ಟು ಪ್ರಾಮಾಣಿಕತೆ ಇರುವವರು ಸಾಕು.

ಇನ್ನು ಎರಡು ಎಚ್ಚರಿಕೆಗಳು. ನಿಮ್ಮ ಬಗ್ಗೆ ಪ್ರವಾದನೆ ಇದೆ ಎಂದು ಹೇಳಿ ಅದರ ಬೆನ್ನಿಗೇ ಕಾಣಿಕೆ ಕೇಳುವವರಿಂದ, ಇಂಥವರನ್ನೇ ಮದುವೆಯಾಗು ಎಂದು ದೇವರ ಹೆಸರಿನಲ್ಲಿ ಒತ್ತಾಯಿಸುವವರಿಂದ, ಮಾತ್ರೆ ನಿಲ್ಲಿಸು ಎನ್ನುವವರಿಂದ ದೂರವಿರಿ. ಸಕ್ಕರೆ ಕಾಯಿಲೆಯ ಮಾತ್ರೆಯೂ ಅಷ್ಟೇ, ಮನಸ್ಸಿನ ಕಾಯಿಲೆಯದೂ ಅಷ್ಟೇ. ಎರಡನೆಯದು, ಯಾರೂ ಇಲ್ಲದಾಗ ಕಿವಿಗೆ ನಿಜವಾಗಿ ದನಿಗಳು ಕೇಳಿಸುತ್ತಿದ್ದರೆ, ಅವು ಬೈಯುತ್ತಿದ್ದರೆ, ನಿಮಗೋ ಇತರರಿಗೋ ಹಾನಿ ಮಾಡಲು ಹೇಳುತ್ತಿದ್ದರೆ, ನಿದ್ದೆ ಇಲ್ಲದಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆಯಲ್ಲ. ಎಲೀಯನಿಗೆ ರೊಟ್ಟಿ ಕಳಿಸಿದ ದೇವರೇ ವೈದ್ಯರನ್ನೂ ಕೊಟ್ಟಿದ್ದಾರೆ.

ಏಳನೆಯದು: ಕೇಳಿಸಿದ ಸಣ್ಣದನ್ನು ಮಾಡಿ

ಫಿಲಿಪ್ಪಿ ಊರಿನ ಹೊಳೆಯ ದಡದಲ್ಲಿ ಪೌಲ ಮಾತಾಡುತ್ತಿದ್ದಾಗ ಥುವತೈರದ ಲುದ್ಯ ಎಂಬ ವ್ಯಾಪಾರಿ ಹೆಂಗಸು ಕೇಳುತ್ತಿದ್ದಳು. ಧೂಮ್ರವರ್ಣದ ಬಟ್ಟೆ ಮಾರುವವಳು. "ಕರ್ತನು ಅವಳ ಹೃದಯವನ್ನು ತೆರೆದನು" ಎನ್ನುತ್ತದೆ ಅಪೊಸ್ತಲರ ಕೃತ್ಯಗಳು 16:14. ನಾವು ಬಂದು ಕೂರಬಹುದು, ಬಾಗಿಲ ಚಿಲಕದ ಮೇಲೆ ಕೈ ಇಡಬಹುದು, ತೆರೆಯುವ ಬಲ ಆತನದೇ. ಮರುವಚನದಲ್ಲೇ ಲುದ್ಯ ದೀಕ್ಷಾಸ್ನಾನ ಪಡೆದು, ನಮ್ಮ ಮನೆಗೆ ಬಂದು ಇರಿ ಎಂದು ಪೌಲನ ತಂಡವನ್ನು ಒತ್ತಾಯಪಡಿಸುತ್ತಾಳೆ. ಹೃದಯ ತೆರೆದದ್ದು ಮನೆ ತೆರೆದದ್ದರಲ್ಲಿ ಗೊತ್ತಾಯಿತು.

ಹಾಗಾಗಿ ವಾರಕ್ಕೊಂದು ಕೆಲಸ ಆರಿಸಿಕೊಳ್ಳಿ, ದಿನಾಂಕ ಹಾಕಿ. "ಪ್ರೀತಿಯಿಂದ ಇರುತ್ತೇನೆ" ಎಂದು ಬರೆಯಬೇಡಿ. "ಗುರುವಾರ ಸಂಜೆ ಚಿಕ್ಕಪ್ಪನ ಮನೆಗೆ ಹೋಗುತ್ತೇನೆ" ಎಂದು ಬರೆಯಿರಿ. ಮಾಡದೆ ಉಳಿದ ಹಳೆಯ ಮಾತು ಇರುವಾಗ ಹೊಸ ಮಾತಿಗೆ ಕಾಯುವುದರಲ್ಲಿ ಅರ್ಥವಿಲ್ಲ.

ಏನೂ ಕೇಳಿಸದ ದಿನಗಳಲ್ಲಿ

ಅಂಥ ದಿನಗಳು ಬರುತ್ತವೆ, ಕೆಲವರಿಗೆ ವರ್ಷಗಟ್ಟಲೆ. ರೈಲಿನಲ್ಲಿ ಅಷ್ಟು ಸ್ಪಷ್ಟವಾಗಿ ಕರೆ ಕೇಳಿದ ಮದರ್ ತೆರೇಸಾ ಆಮೇಲೆ ದಶಕಗಳ ಕಾಲ ಒಳಗೆ ಕತ್ತಲನ್ನೇ ಅನುಭವಿಸಿದರೆಂದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಜಗತ್ತಿಗೆ ತಿಳಿಯಿತು. ಅವರು ಪ್ರಾರ್ಥನೆಯನ್ನೂ ನಿಲ್ಲಿಸಲಿಲ್ಲ, ಬಡವರ ಸೇವೆಯನ್ನೂ ನಿಲ್ಲಿಸಲಿಲ್ಲ. ಆದ್ದರಿಂದ ಮೌನವನ್ನು ಶಿಕ್ಷೆಯೆಂದು ತಿಳಿಯಬೇಡಿ, "ನಿನ್ನ ಪಾಪವೇ ಕಾರಣ" ಎನ್ನುವವರ ಮಾತಿಗೆ ಕುಗ್ಗಬೇಡಿ. ಒಣಗಿದ ದಿನ ಸಮಯ ಕಡಿಮೆ ಮಾಡಿದರೂ ಸರಿ, ಕೂರುವುದನ್ನು ಬಿಡಬೇಡಿ. ಸ್ವಂತ ಮಾತು ಬಾರದಿದ್ದರೆ ಕೀರ್ತನೆಯ ಮಾತನ್ನು ಎರವಲು ಪಡೆಯಿರಿ: 13, 42 ಮತ್ತು ತೀರ ಕತ್ತಲೆನಿಸಿದಾಗ 88. ಒಬ್ಬರೇ ಆಗದಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳಲು ಮನೆಯವರನ್ನೋ ಸ್ನೇಹಿತರನ್ನೋ ಕರೆಯಿರಿ.

ನಾಳೆಯಿಂದಲೇ ಶುರುಮಾಡುವವರಿಗೆ ಮೊದಲ ವಾರಕ್ಕೆ ಏಳು ಭಾಗಗಳು: ಸೋಮವಾರ 1 ಸಮುವೇಲ 3:1-18, ಮಂಗಳವಾರ 1 ಅರಸುಗಳು 19:1-13, ಬುಧವಾರ ಮಾರ್ಕ 10:46-52, ಗುರುವಾರ ಮತ್ತಾಯ 13:1-9ರ ಬಿತ್ತುವವನ ಸಾಮ್ಯ, ಶುಕ್ರವಾರ ಲೂಕ 10:38-42ರ ಮಾರ್ಥ ಮರಿಯರು, ಶನಿವಾರ ಅಪೊಸ್ತಲರ ಕೃತ್ಯಗಳು 16:11-15. ಭಾನುವಾರ ಲೂಕ 24:13-35, ಎಮ್ಮಾಹುವಿನ ದಾರಿ. ಅದನ್ನು ಸಾಧ್ಯವಾದರೆ ಆರಾಧನೆಗೆ ಹೋಗುವ ಮೊದಲೇ ಓದಿ, ಮನೆಯಲ್ಲಿ ಇನ್ನೊಬ್ಬರೊಂದಿಗೆ ಸೇರಿ.